ಕಪ್ಪು ನೀರಿಗೆ ಯಾರ ಸಹಿ

ಕಿಲ್ನ್‌ಬ್ರೇ ಬೀದಿ, ಗ್ರೀನಕ್
೨ ಡಿಸೆಂಬರ್ ೨೦೧೦

ವಾಟಿ,

ಮೊದಲು ಕೊಟ್ಟ ಮಾತುಗಳನ್ನು ಬರೆಯುತ್ತೇನೆ. ನಮ್ಮ ಬೀದಿಯ ನಲವತ್ತೆರಡು ಮನೆಗಳಿಗೂ ಮನೆ ಬೆಚ್ಚಗಿಡುವ ಹೊಸ ಬಾಯ್ಲರ್ ಎಂದರು. ಬಾಯ್ಲರ್ ಕೂರಿಸುವ ಮುಂಚೆ ಮೂವತ್ತು ವರ್ಷದ ಹಳೆಯ ಕೊಳವೆಗಳನ್ನೂ, ಬಿಸಿ ನೀರು ಹರಿದು ಕೋಣೆ ಕಾಯಿಸುವ ಗೋಡೆಯ ರೇಡಿಯೇಟರ್‌ಗಳನ್ನೂ ಯಂತ್ರ ಹಚ್ಚಿ ತೊಳೆಯುತ್ತೇವೆ, ಒಂದು ಮನೆಗೆ ಪೂರ್ತಿ ಒಂದು ದಿನ ಎಂದರು. ತೊಳೆದ ಮೇಲೆ ತುಕ್ಕು ತಡೆಯುವ ಔಷಧಿ ಬೆರೆಸಿ ಹೊಸ ನೀರು ತುಂಬುತ್ತೇವೆ ಎಂದರು. ಕೆಟ್ಟರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಬಂದು ನೋಡುತ್ತೇವೆ, ವಯಸ್ಸಾದವರ ಮನೆಗೆ ಮೊದಲು ಎಂದರು. ಇದನ್ನೆಲ್ಲ ಚರ್ಚ್ ಹಾಲಿನಲ್ಲಿ ಮೈಕ್ ಹಿಡಿದು ಹೇಳಿದವನು ನೀನು. ನಮ್ಮ ಮನೆಗಳ ಮಾಲೀಕ ಕಂಪನಿಯ ಕೋಟು ಹಾಕಿಕೊಂಡಿದ್ದೆ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈಗ ಸಿಕ್ಕ ಉತ್ತರಗಳು. ತೊಳೆದಿಲ್ಲವಲ್ಲ ಎಂದರೆ, ತೊಳೆದಿದ್ದೇವೆ, ಬಾಯ್ಲರ್ ಪಕ್ಕ ನೇತುಹಾಕಿರುವ ಕೆಲಸದ ದಾಖಲೆ ಪುಸ್ತಕ ನೋಡಿ ಎಂದರು. ಮನೆ ಬಿಸಿಯಾಗುತ್ತಿಲ್ಲ ಎಂದರೆ ಕಿಟಕಿ ಮುಚ್ಚಿಕೊಳ್ಳಿ ಎಂದರು. ನನ್ನ ತಂಗಿ ನೆಟ್ಟಾ ಆರು ಸಲ ಫೋನ್ ಮಾಡಿದಳು. ಹದಿನೇಳು ದಿನ ಯಾರೂ ಬರಲಿಲ್ಲ. ಹದಿನೆಂಟನೇ ದಿನ ಬಂದವನೂ ನೀನೇ. ಹತ್ತು ನಿಮಿಷ ಇದ್ದೆ. ಮೂರು ದಿನ ಕಳೆದು ಅವಳನ್ನು ಆಂಬುಲೆನ್ಸ್‌ನಲ್ಲಿ ಹಾಕಿಕೊಂಡು ಹೋದರು. ಅವಳ ಶ್ವಾಸಕೋಶ ಮೊದಲೇ ಹಾಳು, ನಿನಗೆ ಗೊತ್ತು.

ನಿನ್ನೆ ಅವಳ ಹೆಸರಿಗೆ ಕಂಪನಿಯ ಕಾಗದ ಬಂತು. ಬಾಡಿಗೆದಾರಳು ತಾಪನ ವ್ಯವಸ್ಥೆಯನ್ನು ಸ್ವಂತ ಕೈಯಿಂದ ಕೆಡಿಸಿದ್ದಾಳೆ, ರೇಡಿಯೇಟರ್‌ಗಳ ನೀರು ಖಾಲಿ ಮಾಡಿದ್ದಾಳೆ, ಸಾಕ್ಷಿಯಾಗಿ ರೇಡಿಯೇಟರಿನ ಗಾಳಿ ಹೊರಬಿಡುವ ಕೀಲಿ ಅವಳ ಏಪ್ರನ್ ಜೇಬಿನಲ್ಲಿ ಸಿಕ್ಕಿದೆ. ಆದ್ದರಿಂದ ದುರಸ್ತಿ ಮಾಡುವುದಿಲ್ಲ, ಫೆಬ್ರವರಿ ಕೊನೆಯೊಳಗೆ ಮನೆ ತೆರವು ಮಾಡಬೇಕು. ಕೆಳಗೆ ತಪಾಸಣೆ ಮಾಡಿದವರ ಸಹಿ. ಆ ಸಹಿ ನನಗೆ ಹೊಸದಲ್ಲ. ನನ್ನ ಮದುವೆಯ ರಿಜಿಸ್ಟರಿನಲ್ಲಿ ನನ್ನ ಗಂಡ ಆರ್ಚಿಯ ಪಕ್ಕ, ಸಾಕ್ಷಿಯ ಜಾಗದಲ್ಲಿ ಅದೇ ಸಹಿ ಇದೆ.

ನೆಟ್ಟಾಳ ಬಾಯ್ಲರ್ ಪಕ್ಕದ ಪುಸ್ತಕ ತೆಗೆದೆ. ‘ಪೂರ್ತಿ ತೊಳೆದು ಮರುತುಂಬಲಾಗಿದೆ’ ಎಂಬ ಸಾಲಿನ ಮುಂದೆ ಮತ್ತೆ ಅದೇ ಸಹಿ.

ಒಂದೇ ಪ್ರಶ್ನೆ. ಆ ಮನೆಯನ್ನು ತೊಳೆದವರು ಯಾರು? ಬರೆದು ಕಳಿಸು. ಫೋನಿನಲ್ಲಿ ಬೇಡ. ಫೋನಿನಲ್ಲಿ ಹೇಳಿದ್ದನ್ನು ಹೇಳಿಲ್ಲ ಅನ್ನಬಹುದು.

ಐನಾ ಗಿಲ್ಫಿಲನ್
ಕಾರ್ಯದರ್ಶಿ, ಕಿಲ್ನ್‌ಬ್ರೇ ಬಾಡಿಗೆದಾರರ ಸಂಘ


ತಾಂತ್ರಿಕ ವಿಭಾಗ
೮ ಡಿಸೆಂಬರ್ ೨೦೧೦

ಶ್ರೀಮತಿ ಗಿಲ್ಫಿಲನ್ ಅವರೇ,

ತಮ್ಮ ದಿನಾಂಕ ೨ರ ಪತ್ರ ತಲುಪಿದೆ. ದಾಖಲೆಗಳ ಪ್ರಕಾರ ಸದರಿ ಮನೆಯ ತಾಪನ ವ್ಯವಸ್ಥೆಯನ್ನು ಗುತ್ತಿಗೆದಾರರು ನಿಯಮಾನುಸಾರ ತೊಳೆದು ಮರುತುಂಬಿರುತ್ತಾರೆ. ತಪಾಸಣೆಯ ವೇಳೆ ಬಾಯ್ಲರಿನ ಒತ್ತಡ ಮಾಪಕದ ಮುಳ್ಳು ಸೊನ್ನೆಯಲ್ಲಿ ಇದ್ದುದು ಕಂಡುಬಂದಿರುತ್ತದೆ. ಬಾಡಿಗೆದಾರರ ಹಸ್ತಕ್ಷೇಪದ ಬಗ್ಗೆ ಕೈಗೊಂಡ ತೀರ್ಮಾನವನ್ನು ಪ್ರಶ್ನಿಸಲು ತಾವು ಆಡಳಿತ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ತಮ್ಮ ಸಹೋದರಿಯವರು ಬೇಗ ಗುಣಮುಖರಾಗಲೆಂದು ಹಾರೈಸುತ್ತೇನೆ.

ತಮ್ಮ ವಿಶ್ವಾಸಿ,
ವಾಲ್ಟರ್ ಹ್ಯಾಡೋ
ತಪಾಸಣಾಧಿಕಾರಿ


ಕಿಲ್ನ್‌ಬ್ರೇ ಬೀದಿ
೧೧ ಡಿಸೆಂಬರ್ ೨೦೧೦

ವಾಟಿ,

ಶ್ರೀಮತಿ ಗಿಲ್ಫಿಲನ್ ಅಂತೆ. ಸದರಿ ಮನೆಯಂತೆ. ಆ ಸದರಿ ಮನೆಯಲ್ಲಿ ನೀನು ಹಡಗು ಕಟ್ಟುವ ಯಾರ್ಡಿನ ಮುಷ್ಕರದ ಹನ್ನೊಂದು ವಾರ ಮಧ್ಯಾಹ್ನದ ಊಟ ಮಾಡಿದ್ದೀಯ. ಬಾರ್ಲಿ ಸೂಪಿನಲ್ಲಿ ಮೂಳೆ ನಿನಗೆ, ನೀರು ಅವಳಿಗೆ. ಗೇಟಿನ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದವನು ಇವತ್ತು ‘ಕಂಡುಬಂದಿರುತ್ತದೆ’ ಎಂದು ಬರೆಯುತ್ತಾನೆ. ಯಾರಿಗೆ ಕಂಡುಬಂತು? ಕಣ್ಣು ನಿನ್ನದಲ್ಲವೇ?

ನಿನ್ನ ದಾಖಲೆಗೆ ನನ್ನ ದಾಖಲೆ ಇದು. ನೆಟ್ಟಾಳ ಮನೆ ಮುಟ್ಟಲಿಲ್ಲ. ಮುಟ್ಟಿದರೆ ಏನು ಬರೆಯುತ್ತೀರಿ ಎಂದು ಗೊತ್ತು. ನನ್ನ ಮನೆಯ ಹಜಾರದ ರೇಡಿಯೇಟರ್‌ಗೆ ಕೈ ಹಾಕಿದೆ. ಮೇಲೆ ಬೆಚ್ಚಗೆ, ಕೆಳಗೆ ಮೀನಿನ ಹಾಗೆ ತಣ್ಣಗೆ. ಎದುರು ಮನೆಯ ಬ್ರೈಡಿ ಬಂದು ಸ್ಪ್ಯಾನರ್ ಹಿಡಿದಳು. ಅವಳ ಗಂಡನ ಸ್ಪ್ಯಾನರ್. ಗಂಡನನ್ನು ಕರೆತರಲಿಲ್ಲ.

“ಅವ್ರು ಬಂದ್ರೆ ಬರೀ ಉಪದೇಶ ಮಾಡ್ತಾರೆ ಕಣೇ. ಸ್ಪ್ಯಾನರ್ ಸುಮ್ನಿರತ್ತೆ,” ಅಂದಳು.

ಎರಡೂ ಕಡೆಯ ವಾಲ್ವ್ ಮುಚ್ಚಿ, ಕೆಳಗಿನ ನಟ್ಟು ಸ್ವಲ್ಪ ಸಡಿಲ ಮಾಡಿದೆವು. ನೀರು ಬರುತ್ತದೆ ಎಂದುಕೊಂಡಿದ್ದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಬಂತು. ವಾಟಿ, ಅದು ನೀರಲ್ಲ. ಡಾಂಬರಿನ ಬಣ್ಣ, ಗಂಜಿಯಂತೆ ಗಟ್ಟಿ, ಹಳೇ ಹಡಗಿನ ತಳದ ನಾತ. ಬ್ರೈಡಿಯ ಬೇಸಿನ್ನು ತುಂಬಿತು.

“ಅಯ್ಯೋ ದೇವ್ರೇ, ಇದನ್ನ ಗೋಡೆಗೆ ಒರಗಿಸ್ಕೊಂಡು ನಾವು ಬಟ್ಟೆ ಒಣಗಿಸ್ತಿದ್ವಾ?”

“ತೊಳೆದು ಮರುತುಂಬಲಾಗಿದೆ,” ಅಂದೆ. “ಪುಸ್ತಕದಲ್ಲಿ ಬರ್ದಿದೆ.”

“ಯಾವುದ್ರಿಂದ ತುಂಬಿದ್ರಂತೆ, ಬೂಟ್ ಪಾಲಿಶಿಂದಾನಾ?”

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗೊಂಬೆಯನ್ನು ತೆಗೆದು ಆ ರಾಡಿಯಲ್ಲಿ ಅದ್ದಿದೆ. ಎತ್ತಿದರೆ ಗೊಂಬೆಗೆ ಕಪ್ಪು ಕೂದಲು ಹುಟ್ಟಿದಂತೆ ನೆಟ್ಟಗೆ ನಿಂತಿತ್ತು. ಕಬ್ಬಿಣ. ಮೂವತ್ತು ವರ್ಷ ಒಳಗೊಳಗೇ ಕೊಳೆತು ಉದುರಿದ ಕಬ್ಬಿಣ. ಅದನ್ನು ತೆಗೆಯದೆ ಅದರ ಮೇಲೆ ಹೊಸ ಬಾಯ್ಲರ್ ಕೂರಿಸಿ ಫೋಟೋ ತೆಗೆಸಿಕೊಂಡಿದ್ದೀರಿ. ಎರಡು ಬಾಟಲಿ ತುಂಬಿಸಿ, ಬ್ರೈಡಿಯ ಕೈಯಲ್ಲಿ ಅವತ್ತಿನ ಪತ್ರಿಕೆ ಹಿಡಿಸಿ ಫೋಟೋ ನಾವೂ ತೆಗೆದುಕೊಂಡಿದ್ದೇವೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ನೆಟ್ಟಾ ಮೂಗಿಗೆ ಕೊಳವೆ ಹಾಕಿಕೊಂಡು ಕೂತಿದ್ದಾಳೆ. ಮಾತಾಡಿದರೆ ಉಸಿರು ಸಾಲದು, ಅದಕ್ಕೇ ಬೈಗುಳ ಮಾತ್ರ ಆಡುತ್ತಾಳೆ. ಹಿರಿಯ ನರ್ಸು ನನ್ನನ್ನು ಪಕ್ಕಕ್ಕೆ ಕರೆದು, “ಮನೆ ಬೆಚ್ಚಗಿದೆ ಅಂತ ಬರವಣಿಗೇಲಿ ಬರೋವರ್ಗೂ ಕಳ್ಸಕ್ಕಾಗಲ್ಲಮ್ಮ. ಇಲ್ದಿದ್ರೆ ಆರೈಕೆ ಮನೆಗೆ ಹೆಸ್ರು ಬರೀಬೇಕಾಗತ್ತೆ,” ಅಂದಳು. ನೆಟ್ಟಾಗೆ ಕೇಳಿಸಿತು. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಇಷ್ಟು ವರ್ಷದಲ್ಲಿ ನನ್ನ ತಂಗಿ ಯಾರಿಗೂ ಬೆನ್ನು ತೋರಿಸಿದ್ದನ್ನು ನಾನು ನೋಡಿರಲಿಲ್ಲ.

ಅವಳನ್ನು ಮನೆಗೆ ತರುತ್ತೇನೆ. ಯಾರ ಹೆಗಲ ಮೇಲೆ ಕಾಲಿಟ್ಟಾದರೂ ತರುತ್ತೇನೆ. ತೊಳೆಯುವುದು ಹೇಗೆ ಎಂದು ಬರೆದು ಕಳಿಸು. ಇಪ್ಪತ್ತನೇ ವಯಸ್ಸಿನಿಂದ ನೀನು ಮಾಡಿದ ಕೆಲಸ ಅದು. ಅಷ್ಟನ್ನಾದರೂ ಮರೆತಿಲ್ಲ ಎಂದುಕೊಳ್ಳುತ್ತೇನೆ.

ಐನಾ


೧೬ ಡಿಸೆಂಬರ್

ಐನಾ,

ಈ ಕಾಗದ ಓದಿ ಸುಟ್ಟುಹಾಕು. ಇದು ಆಫೀಸಿನಿಂದ ಬರೆದದ್ದಲ್ಲ.

ಕೆಲಸ ಹೀಗೆ. ಬಾಯ್ಲರ್ ಆರಿಸಿ ತಣ್ಣಗಾಗಲು ಬಿಡಬೇಕು. ಬಿಸಿ ನೀರಿನ ಮೇಲೆ ಕೈ ಹಾಕಬಾರದು. ನೀರು ತುಂಬುವ ಬಳುಕು ಕೊಳವೆಯ ನಲ್ಲಿ ಮುಚ್ಚಿದೆಯೇ ನೋಡಬೇಕು. ತಳದ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಕಕ್ಕಸಿನ ಗುಂಡಿಗೆ ಬಿಡಬೇಕು. ಮಳೆ ನೀರಿನ ಚರಂಡಿಗೆ ಬಿಡಬಾರದು, ಅದು ಸೀದಾ ನದಿಗೆ ಹೋಗುತ್ತದೆ. ತಳದ ನಲ್ಲಿ ತೆರೆದು, ರೇಡಿಯೇಟರ್‌ಗಳ ತಲೆಯ ಗಾಳಿ ತಿರುಪು ಬಿಚ್ಚಿದರೆ ನೀರು ಇಳಿಯುತ್ತದೆ. ಅಷ್ಟಕ್ಕೆ ಮುಗಿಯುವುದಿಲ್ಲ. ನಿನ್ನ ಬಾಟಲಿಯಲ್ಲಿ ಇರುವಂಥ ರಾಡಿ ತಾನಾಗಿ ಬರುವುದಿಲ್ಲ. ಒಂದೊಂದು ರೇಡಿಯೇಟರ್ ಕಳಚಿ ಅಂಗಳಕ್ಕೆ ಹೊತ್ತು, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಪೈಪಿನ ನೀರು ಬಿಡಬೇಕು, ತಿಳಿ ಬರುವ ತನಕ. ಕಳಚುವಾಗ ನೀರು ಹೊರಹೋಗುವ ತುದಿಯ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಮುಚ್ಚಿತು ಎಂದು ಎಣಿಸಿ ಬರೆದಿಡಬೇಕು, ಮತ್ತೆ ಅಷ್ಟೇ ಸುತ್ತು ತೆರೆಯಬೇಕು. ಇಲ್ಲದಿದ್ದರೆ ಒಂದು ಕೋಣೆ ಕುಲುಮೆ, ಇನ್ನೊಂದು ಹಿಮ. ಹೊರುವಾಗ ತೂತಿಗೆ ಬಟ್ಟೆ ತುರುಕಬೇಕು. ಒಂದು ತೊಟ್ಟು ಕಾರ್ಪೆಟ್ಟಿನ ಮೇಲೆ ಬಿದ್ದರೆ ಜನ್ಮದಲ್ಲಿ ಹೋಗುವುದಿಲ್ಲ. ಕೊಳವೆಗಳಿಗೆ ಯಂತ್ರ ಹಚ್ಚಿ ಎರಡೂ ದಿಕ್ಕಿನಿಂದ ನೀರು ನುಗ್ಗಿಸಬೇಕು. ಎಲ್ಲ ಜೋಡಿಸಿ, ಔಷಧಿ ಹಾಕಿ, ಬಳುಕು ಕೊಳವೆಯಿಂದ ಹೊಸ ನೀರು ತುಂಬಬೇಕು. ಕೆಳಗಿನ ರೇಡಿಯೇಟರ್‌ನಿಂದ ಶುರು ಮಾಡಿ ಗಾಳಿ ಬಿಡಬೇಕು. ಮುಳ್ಳು ಒಂದಕ್ಕೂ ಒಂದೂವರೆಗೂ ನಡುವೆ ನಿಲ್ಲಬೇಕು.

ಸಾಮಾನ್ಯವಾಗಿ ಹೇಳುವುದಾದರೆ, ರಾಡಿ ತುಂಬಿದ ರೇಡಿಯೇಟರ್‌ನಲ್ಲಿ ಕಬ್ಬಿಣ ಕೊಳೆಯುತ್ತಾ ಗಾಳಿ ಹುಟ್ಟುತ್ತದೆ. ಮನೆಯವರು ಪಾಪ ಕೀಲಿ ಹಿಡಿದು ಆ ಗಾಳಿ ಬಿಡುತ್ತಾರೆ. ಬಿಟ್ಟಷ್ಟೂ ಒತ್ತಡ ಇಳಿಯುತ್ತದೆ. ಮುಳ್ಳು ಸೊನ್ನೆಗೆ ಬಂದರೆ ಬಾಯ್ಲರ್ ನಿಲ್ಲುತ್ತದೆ. ಇದು ಸಾಮಾನ್ಯ ಮಾತು. ಯಾರ ಮನೆಯ ಬಗ್ಗೆಯೂ ಅಲ್ಲ.

ಆದರೆ ನೀನು ಮಾಡಬೇಡ. ನೋಂದಾಯಿತ ಕೆಲಸಗಾರನ ಸಹಿಯಿಲ್ಲದೆ ಆ ಮನೆಯಲ್ಲಿ ಒಂದು ನಟ್ಟು ತಿರುಗಿದರೂ ನೆಟ್ಟಾ ಮೇಲಿನ ಆರೋಪ ನಿಜ ಆಗುತ್ತದೆ. ನನ್ನನ್ನು ಕರೆಯಬೇಡ. ನನಗೆ ಇನ್ನು ಏಳು ತಿಂಗಳಿಗೆ ನಿವೃತ್ತಿ.

ಹೆಸರು ಬರೆಯುವುದಿಲ್ಲ


ಕಿಲ್ನ್‌ಬ್ರೇ ಬೀದಿ
೩ ಜನವರಿ ೨೦೧೧

ವಾಟಿ,

ನಿನ್ನ ಕಾಗದ ಸುಟ್ಟಿಲ್ಲ. ನಮ್ಮ ಮನೆಯಲ್ಲಿ ಬೆಂಕಿ ಎಲ್ಲಿದೆ?

ಸಾಮಾನ್ಯ ಮಾತಂತೆ. ನಿನ್ನ ಸಾಮಾನ್ಯ ಮಾತನ್ನು ಮೂರು ಸಲ ಓದಿದೆ. ನೆಟ್ಟಾ ತಪ್ಪು ಮಾಡಿಲ್ಲ ಎಂದು ಗೊತ್ತಿದ್ದೇ ನೀನು ಅವಳ ವಿರುದ್ಧ ಸಹಿ ಹಾಕಿದೆ. ತಿಳಿಯದೆ ಮಾಡಿದ್ದರೆ ನಿನ್ನನ್ನು ದಡ್ಡ ಎಂದು ಬಿಟ್ಟುಬಿಡುತ್ತಿದ್ದೆ. ಈಗ ಬಿಡುವುದಿಲ್ಲ.

ಹೊಸ ವರ್ಷದ ದಿನ ಬೆಳಿಗ್ಗೆ ಕೈಯಲ್ಲಿ ಒಂದು ತುಂಡು ಕಲ್ಲಿದ್ದಲು, ಕಂಕುಳಲ್ಲಿ ಒಂದು ವಿಸ್ಕಿ ಬಾಟಲಿ ಹಿಡಿದು ಹೊರಟೆ. ಆ ದಿನ ವರ್ಷದ ಅದೃಷ್ಟ ಹೊತ್ತು ಮನೆಯೊಳಗೆ ಮೊದಲ ಹೆಜ್ಜೆ ಇಡಲು ಬಂದವರನ್ನು ಯಾರೂ ಹೊಸ್ತಿಲಲ್ಲಿ ನಿಲ್ಲಿಸುವುದಿಲ್ಲ. ಮಿಕ್ಕ ದಿನ ಬಾಗಿಲು ತೆರೆಯದವರೂ ತೆರೆದರು. ಕೆಲವರು ಮುಖ ಹುಳ್ಳಗೆ ಮಾಡಿದರು.

“ಕಪ್ಪು ಕೂದ್ಲಿನ ಗಂಡಸ್ರು ಬರ್ಲಿ ಅಂತ ಕಾಯ್ತಿದ್ರೆ ನೀನು ಬಂದ್ಯಲ್ಲೇ ಐನಾ. ಹೆಂಗಸು ಮೊದ್ಲು ಕಾಲಿಟ್ರೆ ವರ್ಷವೆಲ್ಲ ದರಿದ್ರ.”

“ದರಿದ್ರ ಆಗ್ಲೇ ಗೋಡೆಗೆ ನೇತಾಕ್ಕೊಂಡಿದೀಯ. ಅದ್ರ ಕೆಳಗಡೆ ಮುಟ್ಟಿ ನೋಡು. ಹಂಗೇ ಬಾಯ್ಲರ್ ಪಕ್ಕದ ಪುಸ್ತಕ ಕೊಡು.”

ಎಲ್ಲರೂ ಕೊಟ್ಟರು. ಮಹಡಿಯ ಮೇಲಿನ ಮುದುಕ ಪರ್ಡಿ ಕೂಡ ಕೊಟ್ಟ. ಪರ್ಡಿ ಯಾರು ಎಂದು ನಿನಗೆ ನೆನಪಿರಬೇಕು. ಕೊಳವೆ ಕಂಡರೆ ಆಗದವನು. ಇಡೀ ಬೀದಿಗೆ ರೇಡಿಯೇಟರ್ ಬಂದಾಗಲೂ ಬೇಡ ಎಂದು ಒಲೆಗೂಡಿನ ಮುಂದೆ ಕೂತವನು. ಅವನ ಮನೆಯ ಬಾಗಿಲ ಸಂದಿಯಲ್ಲೂ ಯಾರೋ ಪುಸ್ತಕ ತೂರಿಸಿ ಹೋಗಿದ್ದರು. ಓದಿ ಹೇಳಿದೆ: ಏಳು ರೇಡಿಯೇಟರ್ ತೊಳೆದು ಮರುತುಂಬಲಾಗಿದೆ.

“ಏಳಾ?” ಅಂದ. “ಎಲ್ಲಿಟ್ಟಿದಾರಮ್ಮ, ಮಂಚದ ಕೆಳಗಾ? ನೀನೇ ಬಗ್ಗಿ ನೋಡು, ನನ್ನ ಸೊಂಟ ಬಗ್ಗಲ್ಲ.”

ಅಲ್ಲಿಯವರೆಗೆ ನಾನು ನಗುತ್ತಲೇ ಇದ್ದೆ. ಮನೆಗೆ ಬಂದು ನಲವತ್ತೆರಡು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಅದುವರೆಗೆ ನಿನ್ನ ಸಹಿ ಕಂಡರೆ ಸಾಕು, ರಕ್ತ ತಲೆಗೇರಿ ಮುಂದಿನದು ಓದುತ್ತಿರಲಿಲ್ಲ. ಮೊದಲ ಬಾರಿ ತಾರೀಕು ಓದಿದೆ. ನಲವತ್ತೆರಡರಲ್ಲೂ ಒಂದೇ ತಾರೀಕು, ಅಚ್ಚು ಹಾಕಿದ್ದು. ಸೋಮವಾರ, ಜುಲೈ ಐದು.

ದಕ್ಷಿಣದ ಯಾವುದೋ ಆಫೀಸಿನಲ್ಲಿ ಕೂತು ಇದನ್ನು ಅಚ್ಚು ಹಾಕಿಸಿದ ಗುಮಾಸ್ತನಿಗೆ ಅದು ಒಂದು ಸೋಮವಾರ ಅಷ್ಟೇ. ನಿನಗೆ ಅಲ್ಲ, ವಾಟಿ. ನೀನು ಈ ಊರಿನಲ್ಲಿ ಹುಟ್ಟಿದವನು. ಜುಲೈ ಮೊದಲ ಶನಿವಾರ ಬೇಸಿಗೆ ರಜೆಗೆ ಯಾರ್ಡಿನ ಗೇಟು ಮುಚ್ಚಿದರೆ ಹದಿನೈದು ದಿನ ಗ್ರೀನಕ್‌ನಲ್ಲಿ ಒಬ್ಬ ಕೊಳಾಯಿಯವನು, ಒಬ್ಬ ಬಡಗಿ, ಒಬ್ಬ ಗಾರೆಯವನು ಸಿಗುವುದಿಲ್ಲ. ನಮ್ಮಪ್ಪನ ಕಾಲದಿಂದ ಹಾಗೆ. ಆ ಸೋಮವಾರ ಮನೆಯಲ್ಲಿ ನೀರು ಒಡೆದರೆ ಬಕೆಟ್ ಇಟ್ಟುಕೊಂಡು ಕಾಯುತ್ತೇವೆ. ಊರೇ ದೋಣಿ ಹತ್ತಿ ಹೋಗಿರುತ್ತದೆ. ಆ ದಿನ ಈ ಬೀದಿಯ ನಲವತ್ತೆರಡು ಮನೆ ತೊಳೆದರಂತೆ. ಮನೆಗೊಂದು ದಿನ ಬೇಕು ಎಂದು ಮೈಕಿನಲ್ಲಿ ಹೇಳಿದವನು, ಕಟ್ಟು ಕಟ್ಟಾಗಿ ಬಂದ ಪುಸ್ತಕಗಳಿಗೆ ತಾರೀಕು ಕೂಡ ನೋಡದೆ ಸಹಿ ಗೀಚಿದ್ದೀಯ.

ಮತ್ತು ಆ ದಿನ ನೀನು ಎಲ್ಲಿದ್ದೆ ಎಂದು ನನಗೆ ಗೊತ್ತು. ವೀಮ್ಸ್ ಬೇಯಿಂದ ರಾತ್ಸೇಗೆ ಹೊರಟ ಬೆಳಗಿನ ದೋಣಿಯಲ್ಲಿ ನನ್ನ ಪಕ್ಕ ಕೂತಿದ್ದೆ. ನನ್ನ ತೊಡೆಯ ಮೇಲೆ ಆರ್ಚಿಯ ಬೂದಿಯ ಡಬ್ಬಿ ಇತ್ತು. ನೀನು ಕೊಡೆ ಹಿಡಿದೆ, ಗಾಳಿಗೆ ಅದು ತಿರುಗಿ ಬಿತ್ತು. ನೀರಿಗೆ ಬಿಡುವಾಗ ಬೂದಿ ನಿನ್ನ ಕೋಟಿನ ಮೇಲೂ ಬಿತ್ತು. ಕೊಡವಿಕೊಳ್ಳದೆ ಸಂಜೆಯವರೆಗೆ ಹಾಗೇ ಇದ್ದೆ.

ಭಾನುವಾರ, ಒಂಬತ್ತನೇ ತಾರೀಕು, ಬೆಳಿಗ್ಗೆ ಎಂಟಕ್ಕೆ ನೆಟ್ಟಾಳ ಮನೆಗೆ ಯಂತ್ರ ತೆಗೆದುಕೊಂಡು ಬಾ. ಸಹಿ ಹಾಕುವ ಕೈಯಿಂದಲೇ ತೊಳೆ.

ಐನಾ


೧೨ ಜನವರಿ ೨೦೧೧

ಐನಾ,

ಮೂರು ದಿನವಾಯಿತು, ಬೆರಳ ಸಂದಿಯ ಕಪ್ಪು ಹೋಗಿಲ್ಲ. ಸೊಂಟ ಎತ್ತಲಾಗುತ್ತಿಲ್ಲ. ಹದಿನೆಂಟು ವರ್ಷದಿಂದ ಪೆನ್ನು ಬಿಟ್ಟು ಬೇರೆ ಉಪಕರಣ ಹಿಡಿದಿರಲಿಲ್ಲ. ಒಂದು ಮಾತು ಹೇಳಿದರೆ ನಂಬುತ್ತೀಯೋ ಇಲ್ಲವೋ. ಸಂಜೆ ಐದರ ಹೊತ್ತಿಗೆ ಪೈಪಿನಿಂದ ತಿಳಿ ನೀರು ಬಂತಲ್ಲ, ಗಾಜಿನ ಲೋಟಕ್ಕೆ ಹಿಡಿದು ದೀಪಕ್ಕೆ ಅಡ್ಡ ಹಿಡಿದು ನೋಡಿದೆ. ಬಹಳ ದಿನದ ಮೇಲೆ ನಾನು ಮಾಡಿದ ಒಂದು ಕೆಲಸ ನನ್ನ ಕಣ್ಣಿಗೆ ಕಂಡಿತು.

ಪುಸ್ತಕದಲ್ಲಿ ಈಗ ನಿಜವಾದ ತಾರೀಕು ಬರೆದು ಸಹಿ ಹಾಕಿದ್ದೇನೆ. ಮನೆ ಬೆಚ್ಚಗಿದೆ ಎಂದು ಆಸ್ಪತ್ರೆಗೂ ಬರೆದುಕೊಟ್ಟಿದ್ದೇನೆ. ಅವಳು ಬರುತ್ತಾಳೆ. ತೆರವಿನ ನೋಟೀಸಿನ ವಿಷಯ ನಾನು ಈಗಲೇ ಎತ್ತಿದರೆ ಮೇಲಿನವರು ಯಾಕೆ, ಏನು ಎಂದು ಕೆದಕುತ್ತಾರೆ. ಬಿಟ್ಟರೆ ತಾನಾಗಿ ತಣ್ಣಗಾಗಬಹುದು. ಅಲ್ಲಿಯವರೆಗೆ ಸುಮ್ಮನಿರುವುದು ಎಲ್ಲರಿಗೂ ಒಳ್ಳೆಯದು.

ಉಳಿದ ಮನೆಗಳ ಬಗ್ಗೆ ನನ್ನನ್ನು ಕೇಳಬೇಡ. ಆ ಪುಸ್ತಕಗಳ ಕಟ್ಟು ನನ್ನ ಮೇಜಿಗೆ ಬಂದ ದಿನ, “ನಾಳೆಯೊಳಗೆ ಸಹಿ ಆಗ್ಬೇಕು ವಾಲ್ಟರ್, ಇಲ್ದಿದ್ರೆ ಬೇರೆಯೋರು ಹಾಕ್ತಾರೆ,” ಅಂದರು. ಬೇರೆಯವರು ಹಾಕಲಿ ಎನ್ನಬಹುದಿತ್ತು. ಅನ್ನಲಿಲ್ಲ. ಯಾಕೆ ಎಂದು ಬರೆಯಲು ಕೂತು ನಾಲ್ಕು ಹಾಳೆ ಹರಿದೆ.

ನಾನು ಬಂದೆ, ತೊಳೆದೆ. ಮಾತಿನಂತೆ ಆಯಿತು. ಇನ್ನು ಆ ನಲವತ್ತೆರಡು ಪುಸ್ತಕಗಳನ್ನು ಅವರವರ ಮನೆಗೆ ಕೊಟ್ಟುಬಿಡು. ಆ ದೋಣಿಯ ದಿನವನ್ನು ಈ ಗಲೀಜಿಗೆ ಎಳೆಯಬೇಡ. ಆರ್ಚಿ ಇದ್ದಿದ್ದರೆ ಎಳೆಯುತ್ತಿರಲಿಲ್ಲ.

ವಾಟಿ


ಕಿಲ್ನ್‌ಬ್ರೇ ಬೀದಿ
೨೫ ಜನವರಿ ೨೦೧೧

ವಾಟಿ,

ಯಾವ ಮಾತಿನಂತೆ? ನನ್ನ ಮೂರನೇ ತಾರೀಕಿನ ಕಾಗದ ತೆಗೆದು ಓದು. ಬಾ ಎಂದಿದ್ದೇನೆ, ತೊಳೆ ಎಂದಿದ್ದೇನೆ. ಬಂದರೆ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂಬ ಸಾಲು ಅದರಲ್ಲಿ ಇದ್ದರೆ ಬೆರಳಿಟ್ಟು ತೋರಿಸು. ನೀನು ಅದನ್ನು ಅಲ್ಲಿ ಓದಿಕೊಳ್ಳುತ್ತೀಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆಯದೆ ಬಿಟ್ಟೆ. ಮೋಸ ಎನ್ನುತ್ತೀಯಾ? ಅನ್ನು. ಬರೆಯದೇ ಬಿಟ್ಟ ಜಾಗದಲ್ಲಿ ಮೋಸ ಮಾಡುವುದನ್ನು ಕಲಿಸಿದವರು ನೀವು.

ಆ ಭಾನುವಾರದ ಬಗ್ಗೆ ಸುಳ್ಳು ಹೇಳುವುದಿಲ್ಲ. ನೀನು ಕಕ್ಕಸಿನ ಮುಂದೆ ಮೊಣಕಾಲೂರಿ ಪೈಪು ಹಿಡಿದದ್ದನ್ನು ನೋಡಿ ನನಗೆ ಸಂತೋಷವಾಯಿತು. ಬೀದಿಯ ಹೆಂಗಸರು ಕುರ್ಚಿ ತಂದುಕೊಂಡು ಮೆಟ್ಟಿಲ ಬಳಿ ಕೂತದ್ದು ತಾವಾಗಿ ಅಲ್ಲ. ನಾನೇ ಕರೆದಿದ್ದೆ. ನೀನು ಒಂದೊಂದೇ ರೇಡಿಯೇಟರ್ ಹೊತ್ತು ಹಿಮದ ಮೇಲೆ ಹೆಜ್ಜೆ ಇಡುವಾಗ ಬ್ರೈಡಿ, “ಜೋಪಾನ ಸಾಹೇಬ್ರೇ, ಖಾಲಿ ಇರ್ಬೇಕಲ್ಲ ಅದು, ಯಾಕಷ್ಟು ಭಾರ?” ಎಂದು ಕೂಗಿದಳಲ್ಲ, ಅದನ್ನು ಅವಳಿಗೆ ಹೇಳಿಕೊಟ್ಟವಳೂ ನಾನೇ. ಅಂಗಳದ ಹಿಮವೆಲ್ಲ ಕಪ್ಪಾಗುತ್ತಾ ಹೋಯಿತು. ನಿನ್ನ ಕೋಟೂ, ಮುಖವೂ. ಹತ್ತು ಗಂಟೆ ಹೊತ್ತು ನಿನಗೆ ಒಂದು ಲೋಟ ಚಹಾ ಕೊಡಲಿಲ್ಲ. ಯಾರೂ ಕೊಡಕೂಡದು ಎಂದು ಹೇಳಿಟ್ಟಿದ್ದೆ.

ಕೆಲಸ ಚೆನ್ನಾಗಿ ಮಾಡಿದೆ. ಅದನ್ನೂ ಬರೆಯುತ್ತೇನೆ, ಯಾಕೆಂದರೆ ನಿಜ. ವಾಲ್ವಿನ ಸುತ್ತುಗಳನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಕೊಂಡೆ. ಕಾರ್ಪೆಟ್ಟಿನ ಮೇಲೆ ಒಂದು ತೊಟ್ಟು ಬೀಳಿಸಲಿಲ್ಲ. ಇಷ್ಟು ಚೆನ್ನಾಗಿ ಮಾಡಬಲ್ಲವನು ಮಾಡದೇ ಮಾಡಿದ್ದೇನೆ ಎಂದು ಬರೆದನಲ್ಲ, ಅದಕ್ಕೇ ನನ್ನ ಸಿಟ್ಟು ಇಳಿಯುವುದಿಲ್ಲ. ಕೆಲಸ ಬಾರದವನ ಮೇಲೆ ಇಷ್ಟು ಸಿಟ್ಟು ಬರುವುದಿಲ್ಲ.

ನೆಟ್ಟಾ ಶುಕ್ರವಾರ ಬಂದಳು. ಕೋಟು ಕೂಡ ಬಿಚ್ಚದೆ ಗೋಡೆ ಹಿಡಿದುಕೊಂಡು ಹೋಗಿ, ಬಗ್ಗಿ, ರೇಡಿಯೇಟರ್‌ನ ಕೆಳಗಡೆ ಅಂಗೈ ಇಟ್ಟಳು. ಸುಮಾರು ಹೊತ್ತು ತೆಗೆಯಲಿಲ್ಲ.

“ಯಾರೇ ಮಾಡಿದ್ದು?”

“ವಾಟಿ.”

“ಊಟಕ್ಕೆ ಹಾಕ್ದ್ಯಾ?”

“ಇಲ್ಲ.”

“ಒಳ್ಳೇ ಕೆಲ್ಸ,” ಅಂದಳು. ಉಸಿರು ಎಳೆದುಕೊಂಡು, “ನೋಟೀಸ್ ವಾಪಸ್ ತಗೊಂಡ್ನಾ?” ಅಂದಳು.

ನಾನು ಅವಳ ಕೋಟು ಬಿಚ್ಚಿಸಿದೆ. ಬೆಚ್ಚಗಿನ ಮನೆಯಲ್ಲಿ ಕೂರಿಸಿ, ಫೆಬ್ರವರಿ ಕೊನೆಗೆ ಇದನ್ನು ಬಿಡಬೇಕು ಎಂದು ನನ್ನ ತಂಗಿಗೆ ಹೇಳಬೇಕೆ? ತಾನಾಗಿ ತಣ್ಣಗಾಗುತ್ತದೆ ಎಂದು ಬರೆದಿದ್ದೀಯ. ತಾನಾಗಿ ತಣ್ಣಗಾದದ್ದು ಮನೆಗಳು, ವಾಟಿ. ನೋಟೀಸು ಅಲ್ಲ. ನೆಟ್ಟಾ ಕೆಡಿಸಲಿಲ್ಲ ಎಂದು ಹೇಳಬೇಕಾದರೆ ತೊಳೆದಿರಲಿಲ್ಲ ಎಂದು ಹೇಳಬೇಕು. ಅದನ್ನು ಹೇಳಬಲ್ಲ ಸಹಿ ಒಂದೇ. ಅವಳ ಮನೆಯೊಂದೇ ಅಲ್ಲ. ಪರ್ಡಿಯ ಮನೆ ಬಿಟ್ಟರೆ ಇನ್ನೂ ನಲವತ್ತು ಮನೆಗಳ ಗೋಡೆಗಳಲ್ಲಿ ಆ ರಾಡಿ ಕೂತಿದೆ. ಮುಂದಿನ ಚಳಿಗಾಲಕ್ಕೆ ಆ ನಲವತ್ತರಲ್ಲಿ ಯಾರ ಏಪ್ರನ್ ಜೇಬಿನಲ್ಲಿ ಕೀಲಿ ಸಿಗುತ್ತದೋ ಅವರ ಮೇಲೆ ಅದೇ ಕಾಗದ ಬರುತ್ತದೆ.

ಆರ್ಚಿಯ ಹೆಸರು ಹಿಡಿದು ನನ್ನನ್ನು ತಡೆಯಲು ನೋಡಿದೆ. ಆ ಸಾಲನ್ನು ಓದಿ ಎದ್ದು ಹೊರಗೆ ಹೋಗಿ ಬಂದೆ. ಕೇಳು. ಆರ್ಚಿ ಹೋದ ಮೇಲೆ ನನಗೆ ಉಳಿದ ಒಳ್ಳೆಯ ದಿನ ಅದೊಂದೇ. ಎಲ್ಲರೂ ಹೂವು ಕಳಿಸಿ ಸುಮ್ಮನಾದರು, ನೀನು ಬಂದೆ. ಡಬ್ಬಿಯ ಮುಚ್ಚಳ ನನ್ನ ಕೈಯಲ್ಲಿ ತೆರೆಯಲಿಲ್ಲ, ನೀನು ತೆರೆದುಕೊಟ್ಟೆ. ವಾಪಸ್ಸು ಬರುವಾಗ ಒಂದು ಮಾತೂ ಆಡಲಿಲ್ಲ, ಅದೇ ಬೇಕಾಗಿತ್ತು. ಆ ದಿನವನ್ನು ಯಾರಿಗೂ ಹೇಳಿಲ್ಲ, ನೆಟ್ಟಾಗೂ ಪೂರ್ತಿ ಹೇಳಿಲ್ಲ. ಈಗ ಅದನ್ನು ಚರ್ಚ್ ಹಾಲಿನ ಸಭೆಯಲ್ಲಿ ಎಲ್ಲರ ಮುಂದೆ ಬಿಚ್ಚಿ, ಈ ಮನುಷ್ಯ ಆ ದಿನ ನನ್ನ ಪಕ್ಕ ಇದ್ದ, ಆದ್ದರಿಂದ ಈ ಕಾಗದ ಸುಳ್ಳು ಎಂದು ಹೇಳಬೇಕು. ನನ್ನ ದುಃಖವನ್ನು ನಿನ್ನ ಸಹಿಯ ವಿರುದ್ಧ ಸಾಕ್ಷಿ ಮಾಡಬೇಕು. ಅದು ನನಗೆ ಸುಲಭ ಎಂದುಕೊಂಡಿದ್ದೀಯಾ? ಇದಕ್ಕಾಗಿ ನಿನ್ನನ್ನು ಕ್ಷಮಿಸುವುದಿಲ್ಲ. ಉಳಿದದ್ದಕ್ಕೆ ಕ್ಷಮಿಸಬಹುದೇನೋ, ಇದಕ್ಕೆ ಇಲ್ಲ. ಆದರೂ ಹೇಳುತ್ತೇನೆ.

ನಿನ್ನ ಪಿಂಚಣಿ ಏನಾಗುತ್ತದೆ ಎಂದು ಯೋಚಿಸಿದ್ದೇನೆ. ಯೋಚಿಸಿಲ್ಲ ಎಂದುಕೊಳ್ಳಬೇಡ. ನೆಟ್ಟಾಳ ಸೋಫಾದ ಮೇಲೆ ಕೂತು, ಆ ರೇಡಿಯೇಟರ್‌ಗೆ ಬೆನ್ನು ಒರಗಿಸಿಕೊಂಡೇ ಯೋಚಿಸಿದೆ.

ಕಂಪನಿಯ ಆಡಳಿತ ಮಂಡಳಿ ಅವಳ ಮೇಲ್ಮನವಿ ಕೇಳಲು ನಮ್ಮ ಹಾಲಿಗೇ ಬರಲು ಒಪ್ಪಿದೆ. ಐವರು ಬರುತ್ತಾರೆ. ಪತ್ರಿಕೆಯವರನ್ನು ನಾನು ಕರೆದಿದ್ದೇನೆ. ಕಾರ್ಯಸೂಚಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡು. ಒಂದನೇ ವಿಷಯ ಸ್ವಾಗತ. ಮೂರನೇ ವಿಷಯ ನನ್ನದು: ನಲವತ್ತೆರಡು ಪುಸ್ತಕಗಳು, ಎರಡು ಬಾಟಲಿ, ಪರ್ಡಿ, ಜುಲೈ ಐದು, ದೋಣಿ. ಎರಡನೇ ವಿಷಯದ ಮುಂದೆ ಯಾರ ಹೆಸರನ್ನೂ ಬರೆದಿಲ್ಲ. ಹತ್ತು ನಿಮಿಷ ಎಂದಷ್ಟೇ ಬರೆದಿದ್ದೇನೆ. ತಪಾಸಣೆಗೆಂದು ಬಂದು ನೆಟ್ಟಾಳ ಮನೆಯಲ್ಲಿ ನೀನು ಕಳೆದದ್ದೂ ಅಷ್ಟೇ ಹೊತ್ತು.

ಆ ಹತ್ತು ನಿಮಿಷದಲ್ಲಿ ನೀನು ಎದ್ದು ನಿಂತು, ಆ ಮನೆಗಳನ್ನು ಯಾರೂ ತೊಳೆದಿರಲಿಲ್ಲ, ನೆಟ್ಟಾ ಏನನ್ನೂ ಕೆಡಿಸಲಿಲ್ಲ, ಗೊತ್ತಿದ್ದೂ ಸಹಿ ಹಾಕಿದೆ ಎಂದು ನಿನ್ನ ಬಾಯಿಂದ ಹೇಳಿದರೆ ನಾನು ದೋಣಿಯ ಮಾತು ಎತ್ತಬೇಕಾಗಿಲ್ಲ. ಹೇಳದಿದ್ದರೆ ಆ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕೂತಿರುತ್ತೇವೆ, ನಿನ್ನ ಮುಖ ನೋಡುತ್ತಾ. ಆಮೇಲೆ ನಾನು ಏಳುತ್ತೇನೆ. ನೀನು ಬರದೇ ಇದ್ದರೂ ಕಾಯುತ್ತೇವೆ. ಕಾದು ಅಭ್ಯಾಸವಿದೆ.

ಚರ್ಚ್ ಹಾಲ್, ಕಿಲ್ನ್‌ಬ್ರೇ. ಮಂಗಳವಾರ, ಫೆಬ್ರವರಿ ಎಂಟು, ಸಂಜೆ ಏಳು ಗಂಟೆ.

ಐನಾ